ತವರಿಗೆ ಕಟ್ಟಿದ ಬುತ್ತಿ

ಶಹಾಪುರ
9 ಜೂನ್ 2024

ತೀರ್ಥರೂಪ ಅಪ್ಪನವರಿಗೆ ಉಮಾಳ ನಮಸ್ಕಾರಗಳು.

ರಾಮಲಿಂಗಣ್ಣನಿಗೆ ಫೋನ್ ಹಚ್ಚಿದಾಗಲೆಲ್ಲ "ಅಪ್ಪ ಹೊಳಿಗಿ ಹೋಗ್ಯಾನ" ಎನ್ನುತ್ತಾನೆ. ಅವನ ಹಿಂದೆಯೇ ನಿಮ್ಮ ಕೆಮ್ಮು ಕೇಳುತ್ತದೆ. ಹೊಳೆ ಈಗ ಮನೆಯೊಳಗೇ ಹರಿಯುತ್ತಿದೆ ಎಂದುಕೊಂಡು ಫೋನ್ ಇಡುತ್ತೇನೆ. ಹೀಗೆ ನಾಲ್ಕು ತಿಂಗಳಾಯಿತು. ಊರಿನವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದವರು ನೀವು. ಬಂದ ಕಾಗದಕ್ಕೆ ಉತ್ತರ ಬರೆಯದೆ ಮಲಗಬಾರದು ಎಂದು ನಮಗೆ ಹೇಳಿಕೊಟ್ಟವರೂ ನೀವೇ. ಅದನ್ನು ನಂಬಿ ಬರೆಯುತ್ತಿದ್ದೇನೆ.

ಅವ್ವನ ಹನ್ನೊಂದನೆಯ ದಿನ ನಾನು ಊಟದ ನಡುವೆ ಎದ್ದು ಹೋದೆ. ಯಾರಿಗೂ ಹೇಳಲಿಲ್ಲ, ನಿಮ್ಮ ಕಾಲಿಗೂ ಬೀಳಲಿಲ್ಲ. ಅದಕ್ಕೆ ಕಾರಣವಿತ್ತು. ಈಗ ಕೆದಕುವುದಿಲ್ಲ. ಕಾರಣ ನಿಮಗೆ ಗೊತ್ತಿದ್ದರೂ ಇರಬಹುದು.

ನನಗೆ ಒಂದು ವಸ್ತು ಬೇಕಿತ್ತು. ಅಟ್ಟದ ಮೇಲೆ ಅವ್ವ ಒಂದು ಗಂಟು ಇಟ್ಟಿದ್ದಳು. ನನ್ನ ಹೈಸ್ಕೂಲಿನ ನೀಲಿ ಲಂಗದ ಅರಿವೆಯಲ್ಲಿ ಕಟ್ಟಿದ್ದು. ಅದರಲ್ಲಿ ಒಂದು ಸಣ್ಣ ಬೋಗುಣಿ, ಒಂದು ಸೌಟು, ಒಂದು ತಾಟು ಇವೆ. ಈ ಕಡೆ ಬರುವವರ ಕೈಯಲ್ಲಿ ಕಳಿಸಿದರೆ ಉಪಕಾರವಾಗುತ್ತದೆ. ಬೇರೆ ಏನೂ ಬೇಡ.

ಶಾಲೆ ಶುರುವಾಗಿದೆ. ಈ ಸಲ ನನಗೆ ಎಂಟನೆಯ ತರಗತಿ ಕೊಟ್ಟಿದ್ದಾರೆ. ನಾನು ಸುಖವಾಗಿದ್ದೇನೆ.

ಉಮಾ


ಊರಿನಿಂದ, ತಾ. ವಡಗೇರಾ
21 ಜೂನ್ 2024

ಉಮಾಳಿಗೆ,

ನಿನ್ನ ಕಾಗದ ಮುಟ್ಟಿತು. ಮಳೆ ಎರಡು ದಿನ ಬಂದು ನಿಂತಿದೆ. ಹೊಳೆಗೆ ಹೊಸ ನೀರು ಇನ್ನೂ ಇಳಿದಿಲ್ಲ.

ತಾಯಿ ತೀರಿಕೊಂಡ ನಾಲ್ಕು ತಿಂಗಳಿಗೆ ಮಗಳು ಬೋಗುಣಿ ಕೇಳಿ ಕಾಗದ ಬರೆಯುತ್ತಾಳೆ. ಏನು ಬರೆದಿದ್ದಾಳೆ ಎಂದು ನಿನ್ನ ಅತ್ತಿಗೆ ಲಕ್ಷ್ಮಿ ಕೇಳಿದಳು. ಆರಾಮ ಇದ್ದಾಳಂತೆ ಎಂದಷ್ಟೇ ಹೇಳಿದೆ, ನಾಚಿಕೆಗೆ. ಆ ಗಂಟು ಈಗ ಇಲ್ಲ. ನಿನ್ನ ಅವ್ವ ಅದನ್ನು ಬಂಗಾರದ ಹಾಗೆ ಜತನ ಮಾಡುತ್ತಿದ್ದಳು, ಯಾಕೆಂದು ನನಗೆ ಒಂದು ದಿನವೂ ಹೇಳಲಿಲ್ಲ. ಅವಳ ಪ್ರೀತಿಯ ಬೋಗುಣಿ ಅವಳ ಎಡೆಗೇ ಬರಲಿ ಎಂದು ಹನ್ನೊಂದನೆಯ ದಿನ ನಾನೇ ಇಳಿಸಿ ಬಿಚ್ಚಿದೆ. ಎಡೆಯ ಮೀನನ್ನು ಅದರಲ್ಲಿ ನನ್ನ ಕೈಯಿಂದಲೇ ಮಾಡಿದೆ. ಈಗ ಅದು ಮನೆಯ ಪಾತ್ರೆಗಳ ಜೊತೆ ಸೇರಿಹೋಗಿದೆ.

ಕಾರಣ ಎಂದು ಬರೆದಿದ್ದೀ. ನನಗೆ ತಿಳಿಯದು ಎಂದುಕೊಳ್ಳಬೇಡ. ಇಪ್ಪತ್ತೆರಡು ವರ್ಷ ಈ ಹೊಳೆಯ ಮೀನು ತಿಂದು ಬೆಳೆದವಳು ನೀನು. ಶಹಾಪುರದಲ್ಲಿ ನೌಕರಿ ಹತ್ತಿ, ಲಿಂಗಾಯತರ ಓಣಿಯಲ್ಲಿ ಮನೆ ಹಿಡಿದ ವರ್ಷವೇ ನಿನ್ನ ಮೈಗೆ ಮೀನು ಆಗಿಬರದಾಯಿತು. ಬಾಡಿಗೆ ಮನೆಗೋಸ್ಕರ ಬಿಟ್ಟಿದ್ದರೆ ಬಿಟ್ಟೆ ಎನ್ನಬೇಕು, ರೋಗದ ಹೆಸರು ಹೇಳಬಾರದು. ಅಂಬಿಗರ ಮಗಳಿಗೆ ಮೀನು ನಂಜಾಗುತ್ತದೆಯೇ?

ತವರಿನಿಂದ ಬುತ್ತಿ ಕಟ್ಟಿಕೊಂಡು ಹೋಗುವ ಹೆಣ್ಣುಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತವರಿಗೆ ಬುತ್ತಿ ಕಟ್ಟಿಕೊಂಡು ಬರುವವಳೆಂದರೆ ನಿನ್ನೊಬ್ಬಳನ್ನೇ ನೋಡಿದ್ದು. ನಾಲ್ಕು ವರ್ಷ ಹಾಗೆ ಬಂದೆ. ಊರ ಹಿರಿಯ ಬಸವಂತ್ರಾಯ ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಕೇಳಿದ, "ಮೌನಪ್ಪ, ನಿನ್ನ ಮಗಳಿಗಿ ನಿಮ್ಮ ಮನಿ ನೀರಾರ ನಡೀತದೋ ಇಲ್ಲೋ?" ನಾನು ಎದ್ದು ಬಂದೆ.

ಮೌನಪ್ಪ


ಶಹಾಪುರ
4 ಆಗಸ್ಟ್ 2024

ಅಪ್ಪನವರಿಗೆ,

ನಿಮ್ಮ ಕಾಗದ ಓದಿ ಒಂದೂವರೆ ತಿಂಗಳು ಸುಮ್ಮನಿದ್ದೆ. ಇವತ್ತು ರವಿವಾರ. ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಸಿಟ್ಟು ಬಂದಿದೆ, ಬಂದಂತೆಯೇ ಬರೆಯುತ್ತೇನೆ.

ನನ್ನ ಮನೆ ಮಾಲಕಿ ಬಸವೇಶ್ವರಿಯಮ್ಮ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಾರೆ, "ನಮ್ಮ ಟೀಚರ್ ಹುಟ್ಟಿದ್ದು ಅಂಬಿಗರ ಮನ್ಯಾಗರೀ. ಆದ್ರ ಮೀನ ಮುಟ್ಟಂಗಿಲ್ಲ ನೋಡ್ರಿ, ಭಾಳ ಸಂಸ್ಕಾರದಾಕಿ." ನಾನು ನಿಂತು ನಗುತ್ತೇನೆ. ನಗದಿದ್ದರೆ ಮನೆ ಹೋದೀತು. ನಮ್ಮೂರಲ್ಲಿ ಇದೇ ವಿಷಯಕ್ಕೆ ಸೊಕ್ಕು ಎನ್ನುತ್ತಾರೆ. ಒಂದು ಕಡೆ ಪುಣ್ಯ, ಇನ್ನೊಂದು ಕಡೆ ಸೊಕ್ಕು. ಇದು ರೋಗ ಎಂದು ಒಪ್ಪುವವರು ಎರಡೂ ಕಡೆ ಇಲ್ಲ. ನನಗೆ ಮೀನು ಬೇಡವಾಗಿದೆ ಎಂದುಕೊಂಡಿದ್ದೀರಾ? ಸಂತೆಯಲ್ಲಿ ಮೀನಿನವರ ಸಾಲು ಬಂದರೆ ಮೂಗಿಗೆ ಸೆರಗು ಹಿಡಿದು ಓಡುತ್ತೇನೆ, ಓಡುವಾಗಲೂ ಬಾಯಲ್ಲಿ ನೀರು ಬರುತ್ತದೆ.

ಅವ್ವ ಒಬ್ಬಳು ಒಪ್ಪಿದ್ದಳು. ಆ ಗಂಟು ಇದ್ದದ್ದು ಅದಕ್ಕೇ. ಮನೆಯಲ್ಲಿ ಮೀನು ಸೋಂಕದ ಪಾತ್ರೆ ಅದೊಂದೇ. ನೀವು ಹೊಳೆಗೆ ಹೋದ ಮೇಲೆ ಅದನ್ನು ಇಳಿಸಿ, ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ನನಗೆ ಬೇಳೆ ಮಾಡುತ್ತಿದ್ದಳು. ನಿಮಗೆ ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ಮೊದಲ ಸಲ ನನ್ನ ಮೈ ತುಂಬ ದದ್ದು ಎದ್ದಾಗ "ಅಂಬಿಗರ ಮನ್ಯಾಗ ಮೀನ ತಿಂದು ಯಾರೂ ಸತ್ತಿಲ್ಲ" ಎಂದು ನೀವು ತಾಟು ಒಗೆದಿದ್ದಿರಿ.

ಹನ್ನೊಂದನೆಯ ದಿನ ನಾನು ಬುತ್ತಿ ತಂದಿರಲಿಲ್ಲ. ಅವ್ವನ ಎಡೆಯ ಮುಂದೆ ಬುತ್ತಿ ಬಿಚ್ಚಬಾರದು ಎನಿಸಿ ಖಾಲಿ ಕೈಯಲ್ಲಿ ಬಂದೆ. ಲಕ್ಷ್ಮಿ "ನಿನಗ ಬ್ಯಾರೆ ಬ್ಯಾಳಿ ಮಾಡ್ಯಾರ, ಉಣ್ಣು" ಎಂದು ಬಡಿಸಿದಳು. ನಾಲ್ಕನೆಯ ತುತ್ತಿಗೆ ತುಟಿ ಜುಮ್ಮೆಂದಿತು. ಆಮೇಲೆ ಗಂಟಲು ಬಿಗಿಯಿತು. ಅಷ್ಟು ಮಂದಿಯ ನಡುವೆ ಕೆಳಗೆ ಬೀಳಬಾರದೆಂದು ಎದ್ದೆ. ಹಾಶಿಮನ ಆಟೋದಲ್ಲಿ ವಡಗೇರಾಕ್ಕೆ ಹೋದೆ. ಅಲ್ಲಿ ಇಂಜೆಕ್ಷನ್ ಕೊಟ್ಟು ಯಾದಗಿರಿಗೆ ಕಳಿಸಿದರು. ಎರಡು ದಿನ ಅಲ್ಲಿದ್ದೆ. ಇನ್ನೊಂದರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಎಲ್ಲ ಹಾಸಿಗೆಯ ಹತ್ತಿರವೂ ಯಾರಾದರೂ ಇದ್ದರು, ನನ್ನ ಹತ್ತಿರ ನನ್ನ ಚಪ್ಪಲಿ ಇದ್ದವು. ಮಗ್ಗುಲ ಹಾಸಿಗೆಯವಳ ಮಂದಿ ಗಂಜಿ ಕೊಟ್ಟರು. ಅದನ್ನೂ ಹೆದರಿ ಹೆದರಿ ಕುಡಿದೆ.

ನನ್ನ ಬೇಳೆಗೆ ಮೀನು ಬೆರೆಸಿದವರು ಯಾರು? ಸಣ್ಣತ್ತೆ ಹಿಂದೊಮ್ಮೆ ಅವ್ವನಿಗೆ ಹೇಳಿದ್ದಳು, "ಒಮ್ಮಿ ಗೊತ್ತಾಗದಂಗ ಹಾಕಿ ನೋಡ್ರಿ, ನಾಟಕ ಬಯಲಾಗ್ತದ." ಆರು ತಿಂಗಳಿಂದ ಒಬ್ಬೊಬ್ಬರ ಮುಖವನ್ನೂ ನೆನಪಿಗೆ ತಂದುಕೊಳ್ಳುತ್ತೇನೆ. ನಿಮ್ಮ ಮುಖ ಬಂದಾಗ ಅಲ್ಲೇ ನಿಲ್ಲುತ್ತೇನೆ.

ಅಪ್ಪಾ, ನೀವು ನನ್ನನ್ನು ಪರೀಕ್ಷೆ ಮಾಡಿದಿರಾ? ಹೌದಾದರೆ ಹೌದು ಎಂದು ಬರೆಯಿರಿ.

ಉಮಾ


ಊರಿನಿಂದ
29 ಸೆಪ್ಟೆಂಬರ್ 2024

ಚಿ. ಉಮಾಳಿಗೆ,

ಬಂದ ಕಾಗದಕ್ಕೆ ಉತ್ತರ ಬರೆಯದೆ ಐವತ್ತು ದಿನ ಮಲಗೆದ್ದಿದ್ದೇನೆ. ನನ್ನ ಜನ್ಮದಲ್ಲಿ ಇದು ಮೊದಲು.

ನಿನ್ನ ಕಾಗದ ಬಂದ ದಿನ ಮೊದಲು ಹಾಶಿಮನ ಮನೆಗೆ ಹೋದೆ. ಅವನು ತಲೆ ಎತ್ತಲಿಲ್ಲ. "ಆಕಿ ತುಟಿ ಬಾತು ಮುಖದ ಗುರ್ತ ಸಿಗದಂಗ ಆಗಿತ್ತು ಮಾಮಾ. ಉಸಿರು ಸೀಟಿ ಹೊಡ್ದಂಗ ಕೇಳ್ತಿತ್ತು. ಅಪ್ಪಗ ಹೇಳಬ್ಯಾಡ ಅಂತ ಕೈ ಸನ್ನಿ ಮಾಡಿದ್ಳು" ಎಂದ. ಅಲ್ಲಿಂದ ನಿನ್ನ ಸಣ್ಣತ್ತೆಯ ಊರಿಗೆ ಹೋದೆ. ಜಗಳಕ್ಕೆಂದೇ ಹೋದದ್ದು. ಬಾಯಿಗೆ ಬಂದಂತೆ ಬೈದೆ. ಅವಳು ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿದಳು, ನಾನು ಅಡಿಗೆ ಮನೆಗೆ ಕಾಲಿಟ್ಟಿಲ್ಲ ಎಂದಳು. ತಿರುಗಿ ಮನೆಗೆ ಬಂದು ಲಕ್ಷ್ಮಿಯನ್ನು ನಿಲ್ಲಿಸಿ, ಆ ಬೇಳೆಗೆ ಮೀನು ಬೆರೆಸಿದವರು ಯಾರು ಎಂದು ಕೇಳಿದೆ. "ಮಾವ, ಬ್ಯಾಳಿ ನೀವೇ ಮಾಡಿದ್ರಲ್ರಿ" ಎಂದಳು.

ನಾನೇ ಮಾಡಿದ್ದೆ, ಉಮಾ. ಎಡೆಯ ಮೀನು ಆದ ಮೇಲೆ ಅದನ್ನು ಬೇರೆ ಪಾತ್ರೆಗೆ ಸುರಿದೆ. ನೀನು ಮೀನು ಬಿಟ್ಟೆ ಎಂಬ ಸಿಟ್ಟು ಇದ್ದೇ ಇತ್ತು. ಆದರೂ ಅವ್ವನ ದಿನ ನೀನು ಉಪವಾಸ ಏಳಬಾರದು. ಅವಳ ಬೋಗುಣಿಯಲ್ಲೇ ಮಾಡಿದರೆ ಅವಳೇ ಮಾಡಿ ಬಡಿಸಿದ ಹಾಗೆ ಆಗುತ್ತದೆ ಎಂದುಕೊಂಡೆ. ಅದಕ್ಕೇ ಬೂದಿ ಹಚ್ಚಿ ತೊಳೆದು ಅದರಲ್ಲೇ ಬೇಳೆಗಿಟ್ಟೆ. ಸೌಟು ಮೀನಿಗೂ ಅದೇ, ಬೇಳೆಗೂ ಅದೇ. ನೀನು ಎದ್ದಾಗ ಮಂದಿ ನನ್ನ ಕಡೆ ನೋಡಿದರು. "ಹೋಗಲಿ ಬಿಡ್ರಿ" ಎಂದೆ. ಆಟೋ ತಿರುವು ದಾಟುವ ತನಕ ಕೂತಲ್ಲೇ ಕೂತು ನೋಡಿದೆ.

ಪರೀಕ್ಷೆ ಮಾಡಲಿಲ್ಲ. ಆದರೆ ಕೈ ನನ್ನದೇ.

ನಿನ್ನ ಅಪ್ಪ


ಶಹಾಪುರ
13 ಅಕ್ಟೋಬರ್ 2024

ಅಪ್ಪಾ,

ಕಾಗದದಲ್ಲಿ "ನೀವು" ಎಂದು ಬರೆದು ಬರೆದು ಸಾಕಾಗಿದೆ. ಮನೆಯಲ್ಲಿ ಕರೆಯುವ ಹಾಗೆಯೇ ಬರೆಯುತ್ತೇನೆ. ನಿನ್ನ ಕಾಗದವನ್ನು ಮೊದಲು ನಿಂತು ಓದಿದೆ, ಆಮೇಲೆ ಕೂತು ಓದಿದೆ, ಆಮೇಲೆ ಅತ್ತೆ. ನಾನು ಹುಟ್ಟಿದಾಗಿನಿಂದ ನೀನು ನನಗೋಸ್ಕರ ಅಡಿಗೆ ಮಾಡಿದ್ದು ಅದೊಂದೇ ಸಲ. ಅದೂ ಹೀಗಾಗಬೇಕೇ! ಇಷ್ಟು ತಿಂಗಳು ನಿನ್ನನ್ನು ಅನುಮಾನಿಸಿದೆನಲ್ಲ, ಅದು ನನ್ನನ್ನು ಸುಡುತ್ತಿದೆ.

ನಿನಗೆ ಹೇಳದ ಇನ್ನೊಂದು ವಿಷಯವಿದೆ. ಆಗಸ್ಟಿನಲ್ಲಿ ತರಬೇತಿಗೆಂದು ಸುರಪುರಕ್ಕೆ ಹೋಗಿದ್ದೆ. ಅಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಾನು ಮೆಟ್ಟಿಲ ಮೇಲೆ ಕೂತು ನನ್ನ ಒಣ ರೊಟ್ಟಿ ಬಿಚ್ಚಿದೆ. ಮೇಲಿನ ಮೆಟ್ಟಿಲಲ್ಲಿ ಇನ್ನೊಬ್ಬಳು ಅವಳ ಡಬ್ಬಿ ಬಿಚ್ಚುತ್ತಿದ್ದಳು. ಹೆಸರು ಮುಬೀನಾ, ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್, ನಮಗೆ ಆರೋಗ್ಯದ ಪಾಠ ಹೇಳಲು ಬಂದವಳು. ಅವಳಿಗೆ ಶೇಂಗಾ ಆಗುವುದಿಲ್ಲ. ಈ ಸೀಮೆಯಲ್ಲಿ ಶೇಂಗಾ ಇಲ್ಲದ ಹಿಂಡಿ, ಪಲ್ಯ, ಹೋಳಿಗೆ ಎಲ್ಲಿ ಸಿಗಬೇಕು? "ನಿಂದು ಏನದ?" ಎಂದು ಕೇಳಿದಳು. ಮೀನು ಎಂದೆ. ಅವಳು ನಗಲಿಲ್ಲ, ಹೊಗಳಲೂ ಇಲ್ಲ. "ಸೂಜಿ ಮದ್ದು ಎಲ್ಲಿ ಸಿಗ್ತದ ಅಂತ ಗೊತ್ತದಿಲ್ಲ?" ಎಂದು ಕೇಳಿದಳು. ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು.

ಅವಳ ಮನೆಯಲ್ಲಿ ಶೇಂಗಾ ಸೋಂಕದ ಪಾತ್ರೆಗಳಿಗೆಲ್ಲ ಕೆಂಪು ದಾರ ಕಟ್ಟಿದ್ದಾಳೆ. ಅತ್ತೆ ಮಾವ ಯಾರೂ ತಪ್ಪುವುದಿಲ್ಲ. ನನ್ನ ಪರ್ಸಿನಲ್ಲಿ ಒಂದು ಚೀಟಿ ಬರೆದು ಇಟ್ಟಿದ್ದಾಳೆ, ಏನು ಆಗುವುದಿಲ್ಲ, ಬಿದ್ದರೆ ಏನು ಮಾಡಬೇಕು, ಯಾರಿಗೆ ಫೋನ್ ಹಚ್ಚಬೇಕು ಎಂದು. ತಿಂಗಳಿಗೊಂದು ರವಿವಾರ ಅವಳ ಮನೆಗೆ ಹೋಗುತ್ತೇನೆ. ಹೊಸ ಬೋಗುಣಿ ತಂದು ದಾರ ಕಟ್ಟಿ ಅನ್ನ ಮಾಡಿ ಬಡಿಸಿದಳು. ಇನ್ನೊಬ್ಬರ ಕೈಯ ಬಿಸಿ ಅನ್ನ ಉಂಡು ಎಂಟು ತಿಂಗಳಾಗಿತ್ತು.

ಅವಳೇ ಒಂದು ದಾರಿ ಹೇಳಿದಳು. "ನಿನಗ ಬೇಕಾಗಿದ್ದು ಮೀನಲ್ಲ ಬಿಡು, ನಿಮ್ಮ ಅವ್ವನ ಸಾರು. ಅದೇ ಮಸಾಲಿ ಹಾಕಿ ಬದನಿಕಾಯಿ ಮಾಡು" ಎಂದಳು. ಅಪ್ಪಾ, ಅವ್ವನ ಮೀನಿನ ಸಾರಿನ ಮಸಾಲೆ ನನಗೆ ಗೊತ್ತಿಲ್ಲ. ಕಲಿಯುವ ಹೊತ್ತಿಗೆ ಮೀನೇ ದೂರವಾಯಿತು. ನಿನಗೆ ಗೊತ್ತಿದ್ದರೆ ಬರೆದು ಕಳಿಸು.

ನಿನ್ನ ಉಮಾ


ಊರಿನಿಂದ
5 ನವೆಂಬರ್ 2024

ಚಿ. ಉಮಾಳಿಗೆ ಆಶೀರ್ವಾದಗಳು.

ಮಸಾಲೆ ಹೀಗಿದೆ. ಒಣಮೆಣಸಿನಕಾಯಿ, ಧನಿಯಾ, ಜೀರಿಗೆ ಬೇರೆ ಬೇರೆ ಹುರಿಯಬೇಕು, ಕೂಡಿಸಿ ಹುರಿದರೆ ಒಂದು ಹೊತ್ತುತ್ತದೆ, ಒಂದು ಹಸಿ ಉಳಿಯುತ್ತದೆ. ಒಣ ಕೊಬ್ಬರಿ ಮತ್ತು ಉಳ್ಳಾಗಡ್ಡಿ ಕೆಂಡದಲ್ಲಿ ಸುಡು. ಇವೆಲ್ಲ ನುಣ್ಣಗೆ ಅರೆ. ಬೆಳ್ಳುಳ್ಳಿಯನ್ನು ಮಾತ್ರ ಸಿಪ್ಪೆ ಸಮೇತ ಜಜ್ಜು, ಅರೆಯಬೇಡ. ಎಣ್ಣೆ ಕುಸುಬಿಯದೇ ಇರಲಿ. ಹುಣಸೆ ನೀರು ಕೊನೆಗೆ. ಬದನೆಕಾಯಿಗೆ ಅರ್ಧ ಹುಣಸೆ ಸಾಕೆಂದು ನನ್ನ ಅಂದಾಜು, ಅದರಲ್ಲಿ ತೆಗೆಯಬೇಕಾದ ವಾಸನೆ ಇಲ್ಲವಲ್ಲ.

ಇದು ನಿನ್ನ ಅವ್ವನದಲ್ಲ, ನನ್ನದು. ಮದುವೆಯಾದ ಹೊಸದರಲ್ಲಿ ಸುಗಲಮ್ಮನಿಗೆ ಮೀನು ಮಾಡಲು ಬರುತ್ತಿರಲಿಲ್ಲ. ಹೊಳೆದಂಡೆಯಲ್ಲಿ ಒಲೆ ಹೂಡಿ ನಾನು ಕಲಿಸಿದೆ. ಊರೆಲ್ಲ ಅವಳ ಕೈರುಚಿ ಎಂದು ಹೊಗಳಿತು. ಅವಳು ನನ್ನ ಕಡೆ ನೋಡಿ ನಗುತ್ತಿದ್ದಳು, ನಾನು ಸುಮ್ಮನಿರುತ್ತಿದ್ದೆ. ಇದನ್ನು ಈಗ ಹೇಳಿಕೊಳ್ಳಲು ನಿನ್ನ ಹೊರತು ಯಾರೂ ಇಲ್ಲ.

ಯಾರೋ ಗುರುತಿಲ್ಲದವರ ಮನೆಯಲ್ಲಿ ನೀನು ಹೊಟ್ಟೆ ತುಂಬ ಉಂಡೆ ಎಂದು ಓದಿ ನನ್ನ ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಹುಡುಗಿಗೆ ಒಳ್ಳೆಯದಾಗಲಿ ಎಂದುಕೊಂಡೆ.

ಬೋಗುಣಿ ಕಳಿಸುವುದಿಲ್ಲ, ಅದು ಇನ್ನು ನಿನಗೆ ಸಲ್ಲದು. ನೀಲಿ ಅರಿವೆ ಇದರ ಜೊತೆ ಕಳಿಸಿದ್ದೇನೆ. ಹೊಳೆಯಲ್ಲಿ ಒಗೆದಿಲ್ಲ. ಬೋರಿನ ನೀರಲ್ಲಿ ಹೊಸ ಸಾಬೂನು ಹಚ್ಚಿ ಮೂರು ಸಲ ಒಗೆದು, ಹೊಳೆಯ ಗಾಳಿ ತಾಗದ ಕಡೆ ಒಣಗಿಸಿದ್ದೇನೆ.

ನಿನ್ನ ಅಪ್ಪ


ಶಹಾಪುರ
5 ಜನವರಿ 2025

ಅಪ್ಪಾ,

ಅರಿವೆ ಬಂದು ಎರಡು ತಿಂಗಳಾಯಿತು. ಮಸಾಲೆಯನ್ನು ಮೂರು ಸಲ ಕೆಡಿಸಿ ನಾಲ್ಕನೆಯ ಸಲಕ್ಕೆ ಹದಕ್ಕೆ ತಂದೆ. ಬಾಯಿಗೆ ಇಟ್ಟ ಕೂಡಲೇ ಅವ್ವ ಹಿಂದೆ ನಿಂತಿದ್ದಾಳೆ ಎನಿಸಿತು. ತಿರುಗಿ ನೋಡಿಯೇಬಿಟ್ಟೆ, ಹುಚ್ಚಿಯ ಹಾಗೆ.

ಅಷ್ಟರಲ್ಲಿ ಬಸವೇಶ್ವರಿಯಮ್ಮ ಬಾಗಿಲು ಬಡಿದರು. "ಟೀಚರ್, ಏನ್ರಿ ಇದು ವಾಸನಿ? ಮೀನ ತಂದೀರೇನು?" ನಾನು ಬೋಗುಣಿಯ ಮುಚ್ಚಳ ತೆಗೆದು ತೋರಿಸಿದೆ. ಬದನೆಕಾಯಿ ನೋಡಿ ನಕ್ಕು, ಎರಡು ಸಲ ಹಾಕಿಸಿಕೊಂಡು ಉಂಡರು. ಉಂಡವರ ಎದುರು ಸುಳ್ಳು ನಿಲ್ಲುವುದಿಲ್ಲವೇನೋ, ನಿಜ ಹೇಳಿಬಿಟ್ಟೆ. ನಾನು ಮೀನು ಬಿಟ್ಟವಳಲ್ಲ, ಅದೇ ನನ್ನನ್ನು ಬಿಟ್ಟಿದೆ, ನಾಳೆ ಅಲರ್ಜಿ ಹೋದರೆ ನಾಳೆಯೇ ತಿನ್ನುತ್ತೇನೆ ಎಂದೆ. ಅವರು ಕೈ ತೊಳೆದು ಹೋದರು. ಮನೆ ಬಿಡಿಸಿಲ್ಲ. ಆದರೆ ಹೊಗಳಿಕೆ ನಿಂತಿದೆ, ಹಬ್ಬಕ್ಕೆ ಬರುತ್ತಿದ್ದ ಪಲ್ಯದ ಬಟ್ಟಲೂ ನಿಂತಿದೆ. ಸಂಜೆ ಮನೆ ಬಹಳ ಸುಮ್ಮನಿರುತ್ತದೆ.

ವರ್ಷದ ಎಡೆಯ ದಿನ ಹತ್ತಿರ ಬಂತು ಎಂದು ರಾಮಲಿಂಗಣ್ಣ ಫೋನಿನಲ್ಲಿ ಹೇಳಿದ. ಅಪ್ಪಾ, ನಾನು ಬರುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೋದ ತಿಂಗಳು ವಡಗೇರಾದ ತನಕ ಬಂದಿದ್ದೆ. ಊರಿನ ಬಸ್ಸು ಎದುರಿಗೆ ನಿಂತಿತ್ತು. ಹತ್ತಲು ಕಾಲು ಎತ್ತಿದರೆ ಗಂಟಲು ತಾನೇ ಬಿಗಿಯಿತು, ಏನೂ ತಿನ್ನದೆಯೇ. ಅಲ್ಲಿಂದಲೇ ತಿರುಗಿ ಬಂದೆ. ಬುತ್ತಿ ತಂದರೆ ನಿನಗೆ ಅವಮಾನ, ತರದಿದ್ದರೆ ನನಗೆ ಹೆದರಿಕೆ. ಅವ್ವನ ಎಡೆಯನ್ನು ಇಲ್ಲೇ ಕೋಣೆಯಲ್ಲಿ ಒಬ್ಬಳೇ ಹಿಡಿಯುತ್ತೇನೆ. ಅವಳು ಎರಡೂ ಕಡೆ ಬರಬಲ್ಲಳು, ನನಗಷ್ಟೇ ಆಗುವುದಿಲ್ಲ.

ಉಮಾ


ಊರಿನಿಂದ
16 ಜನವರಿ 2025

ಉಮಾ, ನನ್ನವ್ವಾ,

ನಿನ್ನ ಕಾಗದ ಬಂದ ಮರುದಿನ ಸುರಪುರಕ್ಕೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಮುಬೀನಾ ಯಾರು ಎಂದು ಕೇಳಿ ಹುಡುಕಿದೆ. ಉಮಾಳ ಅಪ್ಪ ಎಂದ ಕೂಡಲೇ ಕುರ್ಚಿ ಹಾಕಿದಳು. ಏನು ಹಚ್ಚಿ ತೊಳೆದರೆ ಈ ಕೈಯ ಮೀನು ಹೋಗುತ್ತದೆ, ನನ್ನ ಮಗಳಿಗೆ ಒಂದು ಹೊತ್ತು ಅಡಿಗೆ ಮಾಡಿ ಹಾಕಬೇಕು ಎಂದೆ. ಅವಳು ನನ್ನ ಕೈ ಹಿಡಿದು ನೋಡಿದಳು. "ಸಾಬೂನು ಹಚ್ಚಿ ಚಂದಂಗ ತೊಳದ್ರ ಕೈದು ಹೋಗ್ತದ್ರಿ ಕಾಕಾ. ಆಕಿ ಹೆದರಿಕಿ ಹೋಗಾಕ ದಿನ ಬೇಕು" ಎಂದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ.

ಎಡೆ ಇಪ್ಪತ್ತಾರನೆಯ ತಾರೀಖು, ರವಿವಾರ. ಮೀನಿನ ಎಡೆ ಆ ದಿನ ಮನೆಯಲ್ಲಿ ಇಲ್ಲ. ರಾಮಲಿಂಗ ಮತ್ತು ಮಂದಿ ಹೊಳೆದಂಡೆಯಲ್ಲಿ ಮಾಡಿ, ಅಲ್ಲೇ ಇಟ್ಟು, ಅಲ್ಲೇ ಉಣ್ಣುತ್ತಾರೆ. ನಮ್ಮ ಮನೆ ದಂಡೆಗೆ ಮೂಡಣಕ್ಕಿದೆ. ಈ ತಿಂಗಳಲ್ಲಿ ಗಾಳಿ ಮೂಡಣದಿಂದ ಹೊಳೆಯ ಕಡೆಗೇ ಬೀಸುತ್ತದೆ, ಹೊಗೆ ಮನೆಯ ಕಡೆ ಬರುವುದಿಲ್ಲ. ಹೊಳೆಯ ಗಾಳಿಯ ವಿಷಯದಲ್ಲಿ ನನ್ನನ್ನು ನಂಬು. ಸಂಕ್ರಮಣಕ್ಕೆ ಮುಂಚೆಯೇ ಮನೆಯಲ್ಲಿ ಮೀನು ನಿಲ್ಲಿಸಿದ್ದೇನೆ, ಗೋಡೆಗೆಲ್ಲ ಸುಣ್ಣ ಹೊಡೆಸಿದ್ದೇನೆ. ರಾಮಲಿಂಗ ಗೊಣಗಿದ. "ಒಂದ್ ತಿಂಗಳ ಮೀನ ಇಲ್ದಿದ್ರ ಯಾರೂ ಸಾಯಂಗಿಲ್ಲ. ತಿಂದ್ರ ಸಾಯೋರು ನಮ್ಮ ಮನ್ಯಾಗ ಅದಾರ" ಎಂದು ಲಕ್ಷ್ಮಿ ಅವನ ಬಾಯಿ ಮುಚ್ಚಿಸಿದಳು. ನಾನು ಹಿಂದೆ ಆಡಿದ ಮಾತು ನೆನಪಾಗಿ ತಲೆ ತಗ್ಗಿಸಿದೆ.

ಬಸವಂತ್ರಾಯ ಕಟ್ಟೆಯ ಮೇಲೆ ಮತ್ತೆ ಕೇಳಿದ, "ಮಗಳು ಈ ಸಲಾನೂ ಬುತ್ತಿ ತರ್ತಾಳೇನು?" ತರುತ್ತಾಳೆ ಎಂದೆ. ಈ ಸಲ ಎದ್ದು ಬರಲಿಲ್ಲ, ಅಲ್ಲೇ ಕೂತಿದ್ದೆ.

ನಾನು ಅಡಿಗೆ ಮಾಡುವುದಿಲ್ಲ, ಉಮಾ. ಒಲೆ ಹೊತ್ತಿಸುವುದೂ ಇಲ್ಲ. ಹಾಶಿಮ ವಡಗೇರಾದ ಬಸ್ ನಿಲ್ದಾಣದಲ್ಲಿ ನಿನಗಾಗಿ ಕಾಯುತ್ತಾನೆ. ಗಂಟಲು ಬಿಗಿದರೆ ತಿರುಗಿ ಹೋಗು, ನಾನು ಏನೂ ಅಂದುಕೊಳ್ಳುವುದಿಲ್ಲ. ಬಂದರೆ ಅಂಗಳದಲ್ಲಿ ಹೊಸ ಚಾಪೆ ಹಾಸಿರುತ್ತೇನೆ. ಬಾಳೆ ಎಲೆ ಶಹಾಪುರದಿಂದ ನೀನೇ ತಾ. ಮೂರು ಎಲೆ ಬೇಕು.

ಬೆಳಿಗ್ಗೆ ಶಾಲೆಯಲ್ಲಿ ಝಂಡಾ ಮುಗಿಸಿ ಹೊರಡು. ಬದನೆಕಾಯಿ ಮಾಡು, ಹುಣಸೆ ಅರ್ಧ. ನಿನ್ನ ಅವ್ವನಿಗೂ ಅದೇ ಎಡೆ, ನನಗೂ ಅದೇ ಊಟ. ನೀಲಿ ಅರಿವೆಯಲ್ಲಿ ಮೂವರಿಗಾಗುವಷ್ಟು ಕಟ್ಟಿಕೊಂಡು ಬಾ.

ನಿನ್ನ ಅಪ್ಪ
ಮೌನಪ್ಪ